ಬಹುಮಾನ ಬಂದ ಮುಖ

ನಮ್ಮ ಕಡೆ ವರ್ಷಕ್ಕೊಂದಾದರೂ ಭಾವಚಿತ್ರ ಸ್ಪರ್ಧೆ ನಡೆಯುತ್ತದೆ. ನಗೆಪಾಟಲಾಗದೆ ಮುಗಿದದ್ದು ಒಂದೂ ನೆನಪಿಲ್ಲ. ಚಿಕ್ಕಮಗಳೂರಿನ ಒಂದು ಫೋಟೊ ಕ್ಲಬ್ಬಿನವರು ನನ್ನನ್ನು ಕಾಯಂ ತೀರ್ಪುಗಾರನನ್ನಾಗಿ ಮಾಡಿಕೊಂಡಿದ್ದಾರೆ. ನನಗೆ ಫೋಟೊಗ್ರಫಿ ಗೊತ್ತಿಲ್ಲ. ಮೂಡಿಗೆರೆಯಲ್ಲಿ ಕಾಲೇಜು ಮೇಷ್ಟ್ರು, ಎಂ.ಎ. ಇದೆ, ಕರೆದರೆ ಬರುತ್ತೇನೆ. ಅವರಿಗೆ ಅಷ್ಟು ಸಾಕು.

೧. ಒಂದೇ ನೊಣ

ಒಂದು ವರ್ಷ ಕೊನೆಯ ಸುತ್ತಿಗೆ ಎರಡು ಚಿತ್ರ ಉಳಿದವು. ಎರಡರಲ್ಲೂ ಇದ್ದವರು ಒಬ್ಬರೇ ಅಜ್ಜಿ, ಬಣಕಲ್ ಹತ್ತಿರದ ಎಸ್ಟೇಟೊಂದರ ಕೆಲಸದವರು. ಎರಡೂ ಕಪ್ಪು-ಬಿಳುಪು, ಎರಡರಲ್ಲೂ ಅರ್ಧ ಮುಖ ಕತ್ತಲೆ. ಒಂದರ ಹೆಸರು 'ಹಸಿವು', ಇನ್ನೊಂದರದು 'ಸಂತೃಪ್ತಿ'.

ತೀರ್ಪುಗಾರರು ನಾವು ಮೂವರು. ಕ್ಲಬ್ಬಿನ ಅಧ್ಯಕ್ಷರು, ಅತ್ತಿಗುಂಡಿ ಕಡೆ ದೊಡ್ಡ ತೋಟ ಇರುವವರು, ಹಸಿವಿನ ಪರ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸಂತೃಪ್ತಿಯ ಪರ.

"ಆ ಕಣ್ಣಲ್ಲಿ ಎಷ್ಟು ತಲೆಮಾರಿನ ಖಾಲಿತನ ಇದೆ ನೋಡಿ," ಅಂದರು ಅಧ್ಯಕ್ಷರು.

"ಅದು ಬರೀ ಖಾಲಿತನ. ಇದು ನಿರ್ಲಿಪ್ತತೆ. ಒಂದು ಮೆಟ್ಟಿಲು ಮೇಲಿನದು," ಅಂದರು ಡ್ರಾಯಿಂಗ್ ಮೇಷ್ಟ್ರು.

ಮುಕ್ಕಾಲು ಗಂಟೆ ಹೀಗೇ ಹೋಯಿತು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಎಡಗೆನ್ನೆಯ ಮೇಲೆ ಒಂದು ನೊಣ. ಅದೇ ಜಾಗ, ಅದೇ ಅರ್ಧ ಎತ್ತಿದ ರೆಕ್ಕೆ. ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಂತು ಒಂದೇ ಗಳಿಗೆಯಲ್ಲಿ ತೆಗೆದ ಚಿತ್ರಗಳು ಇವು ಎಂದೆ.

ಅಧ್ಯಕ್ಷರು ನನ್ನನ್ನು ಕನಿಕರದಿಂದ ನೋಡಿದರು. "ನೊಣ ಒಂದೇ ಇರಬಹುದು ಸರ್. ದೃಷ್ಟಿಕೋನ ಬೇರೆ."

೨. ಯಾರದೋ ಕೈ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನ ಗೆಳೆಯನದೊಂದು ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಸೈಜು, ಲ್ಯಾಮಿನೇಷನ್, ಜೆರಾಕ್ಸ್. ಸಂಜೆ ಅಲ್ಲಿ ಕೂರುವುದು ನನ್ನ ಅಭ್ಯಾಸ. ಒಂದು ಸಂತೆಯ ದಿನ ಆ ಅಜ್ಜಿ ಒಳಗೆ ಬಂದರು. ನೊಣ ಇರಲಿಲ್ಲ, ಆದರೂ ಗುರುತು ಸಿಕ್ಕಿತು.

ಚೀಲದಿಂದ ಗಂಡನ ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಆತ ತೀರಿಕೊಂಡಾಗ ಮನೆಯಲ್ಲಿ ಒಂದೂ ಫೋಟೊ ಇರಲಿಲ್ಲವಂತೆ. ಯಾರದೋ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಕತ್ತರಿಸಿದವನು ಗಮನಿಸದೆ ಹೆಗಲ ಮೇಲೆ ಬೇರೆ ಯಾರದೋ ಕೈ ಉಳಿದುಬಿಟ್ಟಿತ್ತು. ಉಂಗುರ ಹಾಕಿದ ಕೈ.

"ಹನ್ನೊಂದು ವರ್ಷದಿಂದ ಆ ಕೈಗೂ ಸೇರಿಸಿ ಹಾರ ಹಾಕ್ತಾ ಇದೀನಿ. ಯಾರ ಕೈ ಅಂತ್ಲೇ ಗೊತ್ತಿಲ್ಲ. ನಂಗೆ ಹಂಗಾಗದು ಬೇಡ. ನಾನು ಹೋದ ಮೇಲೆ ಅವರ ಪಕ್ಕ ಹಾಕಕ್ಕೆ ಒಂದು ಸರಿಯಾದ ಫೋಟೊ ಬೇಕು," ಅಂದರು.

"ನಿಮ್ಮನ್ನ ಅಷ್ಟು ಜನ ತೆಗಿತಾರಲ್ಲ ಅಜ್ಜಿ, ಒಬ್ರೂ ಕಾಪಿ ಕೊಟ್ಟಿಲ್ವಾ?" ಗೆಳೆಯ ಕೇಳಿದ.

"ಭಾನುವಾರ ಕ್ಲಬ್ಬಿನವರು ಬರ್ತಾರಂತೆ. ಈ ಸಲ ಕೊಡ್ತೀವಿ ಅಂದಿದಾರೆ. ಹೋದ ಸಲ ಒಬ್ಬ ಮೊಬೈಲಲ್ಲಿ ತೋರಿಸ್ದ. ಅರ್ಧ ಮುಖ ಕಪ್ಪು. ಉಳಿದರ್ಧ ಯಾವಾಗ ತೆಗಿತೀಯಪ್ಪ ಅಂತ ಕೇಳ್ದೆ. ಆಮೇಲೆ ಈ ಕಡೆ ತಲೆ ಹಾಕ್ಲಿಲ್ಲ ಅವನು."

೩. ಜನವರಿಯ ಮುಂಗಾರು

ಆ ಭಾನುವಾರ ಕ್ಲಬ್ಬಿನವರು ನನ್ನನ್ನೂ ಎಸ್ಟೇಟಿಗೆ ಕರೆದೊಯ್ದರು. ಕಾಫಿ ಹಣ್ಣು ಕುಯ್ಯುವ ಕಾಲ, ಆಕಾಶದಲ್ಲಿ ಒಂದು ಮೋಡ ಇಲ್ಲ. ಅಜ್ಜಿ ಗಿಳಿಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಪೌಡರ್ ಬಳಿದುಕೊಂಡು ಕೆಲಸದವರ ಲೈನ್ ಮನೆಯ ಮುಂದೆ ನಿಂತಿದ್ದರು. ಹನ್ನೆರಡು ಕ್ಯಾಮೆರಾಗಳು ಒಟ್ಟಿಗೆ ಕೆಳಗಿಳಿದವು.

ಒಳಗೆ ಕಳಿಸಿ ಹರಕು ಸೀರೆ ಉಡಿಸಿದರು. ಮುಖ ತೊಳೆಸಿದರು. ಮಳೆಗಾಲದಲ್ಲಿ ಹೊದೆಯುವ ಹಳೆಯ ಗೊರಬು ಹುಡುಕಿ ತಲೆಗೆ ಕವುಚಿದರು. ಗೊರಬು ಬಂದ ಮೇಲೆ ಮಳೆ ಬೇಕಾಯಿತು. ತೋಟಕ್ಕೆ ಔಷಧಿ ಹೊಡೆಯುವ ಪಂಪು ತೊಳೆದು ನೀರು ತುಂಬಿ ಎಸ್ಟೇಟಿನ ಮೇಸ್ತ್ರಿಯ ಬೆನ್ನಿಗೇರಿಸಿದರು.

ಮೇಸ್ತ್ರಿ ಪಂಪು ಹೊಡೆಯುತ್ತಾ ನನಗೆ ಹೇಳಿದ: "ಹಣ್ಣು ಕುಯ್ಯೋವಾಗ ಮಳೆ ಬಂದ್ರೆ ನಮ್ ಸಾಹುಕಾರ್ರು ಊಟ ಬಿಡ್ತಾರೆ ಸರ್. ಇವರು ಕಷ್ಟಪಟ್ಟು ಮಳೆ ತರಿಸ್ತಾ ಇದಾರೆ."

ತಣ್ಣೀರು ಬಿದ್ದು ಅಜ್ಜಿಯ ಮುಖ ಕಿವುಚಿಕೊಂಡಿತು. ಕಣ್ಣಲ್ಲಿ ನೀರು ಬಂತು.

"ಸೂಪರ್ ಅಜ್ಜಿ," ನೆಲದ ಮೇಲೆ ಮಲಗಿದ್ದ ಕ್ಯಾಮೆರಾದವನೊಬ್ಬ ಕೂಗಿದ. "ಆ ನೋವು ಹಂಗೇ ಹಿಡ್ಕೊಳ್ಳಿ."

"ನೋವಲ್ಲಪ್ಪ, ಸೀನು ಬರ್ತಿದೆ," ಅಂದರು ಅಜ್ಜಿ. "ಹಿಡ್ಕೊಳ್ಳಕ್ಕಾಗಲ್ಲ."

ಮುಗಿದ ಮೇಲೆ ಅಜ್ಜಿ ಕಾಪಿ ಕೇಳಿದರು. ಎಡಿಟಿಂಗ್ ಆಗಬೇಕು ಅಂದರು ಕ್ಲಬ್ಬಿನವರು. ಹಸಿರು ಸೀರೆಯಲ್ಲಿ ಒಬ್ಬರೂ ಒಂದೂ ತೆಗೆಯಲಿಲ್ಲ.

೪. ಅಜ್ಜಿಯ ನಟನೆ

ಮುಂದಿನ ಸಂತೆಗೆ ಅಜ್ಜಿ ಅದೇ ಹಸಿರು ಸೀರೆಯಲ್ಲಿ ಸ್ಟುಡಿಯೋಗೆ ಬಂದರು. ಗೆಳೆಯ ನೀಲಿ ಪರದೆಯ ಮುಂದೆ ಸ್ಟೂಲು ಹಾಕಿ ಕೂರಿಸಿದ. ಎರಡು ದೀಪ, ಇಡೀ ಮುಖ. ಅಜ್ಜಿ ನೇರ ನೋಡಿದರು, ಮನೆಗೆ ಬಂದವರನ್ನು ಒಳಗೆ ಕರೆಯುವ ಹಾಗೆ. ಅವನು ಒಂದೇ ತೆಗೆದ.

ಪ್ರಿಂಟ್ ನೋಡಿ ಅವನಿಗೆ ಆಸೆ ಹುಟ್ಟಿತು. "ಇದನ್ನ ಸ್ಪರ್ಧೆಗೆ ಹಾಕ್ತೀನಿ ಮಾರಾಯ. ಮೂವತ್ತು ವರ್ಷ ಆಯ್ತು ಮುಖ ತೆಗೆಯಕ್ಕೆ ಹಿಡಿದು. ಒಂದ್ಸಲ ನೋಡಣ."

ಖರ್ಚಿಗೆ ಹೆದರಿ ಸ್ಪರ್ಧೆಯ ಅಳತೆಗೆ ದೊಡ್ಡ ಪ್ರಿಂಟು ಒಂದನ್ನೇ ಹಾಕಿಸಿ, ಸ್ಪರ್ಧೆ ಮುಗಿದ ಕೂಡಲೇ ಅದು ನಿಮ್ಮದು ಎಂದು ಅಜ್ಜಿಗೆ ಮಾತು ಕೊಟ್ಟ. "ಕಳೀಬೇಡಿ ಮತ್ತೆ. ನಂಗೆ ಇರೋದು ಇದೊಂದೇ," ಅಂದು ಅವರು ಒಪ್ಪಿದರು.

ನಿಯಮದ ಪ್ರಕಾರ ಎಲ್ಲಾ ಪ್ರಿಂಟುಗಳದೂ ಒಂದೇ ಅಳತೆ, ತೆಗೆದವರ ಹೆಸರು ನಮಗೆ ಕಾಣಿಸದು. ತೀರ್ಪಿನ ದಿನ ಡ್ರಾಯಿಂಗ್ ಮೇಷ್ಟ್ರು ಗೆಳೆಯನ ಪ್ರಿಂಟನ್ನು ಎತ್ತಿದ ಕೂಡಲೇ ಕೆಳಗಿಟ್ಟರು. "ಇದು ಆಧಾರ್ ಕಾರ್ಡು."

ಅಧ್ಯಕ್ಷರು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಯಾರೋ ಅನುಕೂಲಸ್ಥರ ಮನೆಯವರು. ನಮ್ಮ ಬಣಕಲ್ ಅಜ್ಜಿ ಮುಖದಲ್ಲಿರೋ ಸತ್ಯ ಇವರಲ್ಲಿಲ್ಲ."

"ಇದು ಅವರೇ," ಅಂದೆ.

ಅಧ್ಯಕ್ಷರು ಇನ್ನೊಮ್ಮೆ ನೋಡಿದರು. "ಹಾಗಿದ್ರೆ ಇಲ್ಲಿ ನಟನೆ ಮಾಡ್ತಾ ಇದಾರೆ."

ಮೊದಲ ಬಹುಮಾನ ಪಂಪಿನ ಮಳೆಗೆ ಬಂತು. ಊಟ ತಣ್ಣಗಾಗುತ್ತಿತ್ತು. ನಾನೂ ಸಹಿ ಹಾಕಿದೆ.

೫. ಫ್ರೇಮು

ಬಹುಮಾನ ವಿತರಣೆಗೆ ಅಜ್ಜಿಯನ್ನು ಜೀಪಿನಲ್ಲಿ ಕರೆಸಿದರು. ಹಸಿರು ಸೀರೆಯಲ್ಲೇ ಬಂದರು. ಈ ಸಲ ಬದಲಾಯಿಸಲು ಯಾರಿಗೂ ಸಮಯ ಇರಲಿಲ್ಲ. ಅಧ್ಯಕ್ಷರು ಶಾಲು ಹೊದಿಸಿ, ಶ್ರಮಜೀವಿಯ ಮುಖದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಅಷ್ಟು ಹೊತ್ತೂ ಶ್ರಮಜೀವಿ ನಿಂತೇ ಇದ್ದರು. ಕೊನೆಗೆ ಮೊದಲ ಬಹುಮಾನದ ಚಿತ್ರವನ್ನು ಬೀಟೆ ಮರದ ಫ್ರೇಮಿನಲ್ಲಿ, ಗಾಜು ಸಮೇತ, ಅವರ ಕೈಗಿಟ್ಟರು. "ಇದು ನಿಮಗೇ ಅಜ್ಜಿ. ಮನೇಲಿ ಹಾಕ್ಕೊಳ್ಳಿ."

ಅಜ್ಜಿ ತುಂಬಾ ಹೊತ್ತು ನೋಡಿದರು. ಭಾವುಕರಾಗಿದ್ದಾರೆಂದು ಸಭೆ ಸುಮ್ಮನಾಯಿತು.

"ಪಾಪ," ಅಂದರು ಅಜ್ಜಿ. ಮೈಕು ಹತ್ತಿರವೇ ಇತ್ತು. "ಯಾವಾಗ ತೀರಿಕೊಂಡ್ರು ಇವರು?"

"ಅದು ನೀವೇ ಅಜ್ಜಿ."

ಅಜ್ಜಿ ನನ್ನ ಕಡೆ ತಿರುಗಿ, "ಸ್ಟುಡಿಯೋದಲ್ಲಿ ತೆಗ್ದಿದ್ದು ಎಲ್ಲಿ ಮೇಷ್ಟ್ರೇ?" ಅಂದರು.

ಆಯ್ಕೆಯಾಗದ ಪ್ರಿಂಟುಗಳೆಲ್ಲ ಮೇಜಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಹುಡುಕಿ ತಂದುಕೊಟ್ಟೆ. ಸ್ಪರ್ಧೆಗೆ ನಾನು ಮಾಡಿದ ಉಪಯುಕ್ತ ಕೆಲಸ ಅದೊಂದೇ.

"ಅದು ಮೊದಲನೇ ಸುತ್ತಲ್ಲೇ ಹೊರಗೆ ಹೋಯ್ತು ಅಜ್ಜಿ," ಅಧ್ಯಕ್ಷರು ತಗ್ಗಿದ ದನಿಯಲ್ಲಿ ತಿಳಿಹೇಳಿದರು. "ಅದರಲ್ಲಿ ಏನೂ ಇಲ್ಲ."

ಅಜ್ಜಿ ಪ್ರಿಂಟನ್ನು ಗಾಜಿನ ಮೇಲಿಟ್ಟು ಅಳತೆ ನೋಡಿದರು. ಸರಿಯಾಗಿತ್ತು. ಮೂಲೆಗಳನ್ನು ಬೆರಳಿನಿಂದ ಬಡಿದು ಪರೀಕ್ಷಿಸಿದರು. ಆಮೇಲೆ ಎರಡನ್ನೂ ಅಧ್ಯಕ್ಷರ ಕೈಗೇ ವಾಪಸು ಕೊಟ್ಟರು.

"ಫ್ರೇಮು ಚೆನ್ನಾಗಿದೆ. ಒಳಗಿರೋರನ್ನ ತೆಗೆದು ನನ್ನ ಹಾಕಿಕೊಡಿ."