ಬಿಳಿ ಕೋಟಿನೊಳಗೆ ಹಾಜರಿದ್ದ ಬಗ್ಗೆ

ಇಂದ,
ಪೆಟ್ಟಿಗೆ ಎಣಿಕೆಗಾರ,
ನಾಲ್ಕನೇ ಶೀತಲ ಕೋಣೆ
(ತಮ್ಮ ದಾಖಲೆಯ ಪ್ರಕಾರ ಸದರಿ ಕೋಣೆಯಲ್ಲಿ ಯಾರೂ ಇಲ್ಲ)

ಗೆ,
ಮಾನ್ಯ ವ್ಯವಸ್ಥಾಪಕರು,
ಶೈತ್ಯಾಗಾರ, ಮೇಲಿನ ಮಹಡಿ, ಬಿಸಿಲು ಬೀಳುವ ಕೊಠಡಿ

ವಿಷಯ: ಹನ್ನೊಂದು ದಿನ ಕೋಣೆಯೊಳಗೇ ಇದ್ದವನನ್ನು ಗೈರುಹಾಜರೆಂದು ಬರೆದು, ಆ ಕಾರಣಕ್ಕೆ ಅವನ ಹುದ್ದೆಯನ್ನೇ ತೆಗೆದುಹಾಕಿರುವ ಆದೇಶವನ್ನು ರದ್ದುಪಡಿಸುವ ಕುರಿತು.

ಉಲ್ಲೇಖ: 1) ತಮ್ಮ ಕಚೇರಿಯ ಸೋಮವಾರದ ಆದೇಶ.
2) ನನ್ನ ಹೆಂಡತಿ ಅದೇ ಸೋಮವಾರ ಸಂಜೆ ಕೇಳಿದ ಪ್ರಶ್ನೆ: "ಹನ್ನೊಂದು ದಿನ ಬುತ್ತಿ ಕಟ್ಟಿಸ್ಕೊಂಡು ಎಲ್ಲಿಗೆ ಹೋಗ್ತಿದ್ರಿ?"

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ, ಮುಂದಿನ ತಿಂಗಳ ಒಂದರಂದು ಮೂರು ವರ್ಷ ತುಂಬಿ ಕಾಯಂ ಆಗಬೇಕಿದ್ದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಮೂರನೇ ಮತ್ತು ನಾಲ್ಕನೇ ಕೋಣೆಗಳಿಗೆ ಸೇರಿ ಸಂಸ್ಥೆ ಒಂದೇ ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟಿದೆ. ಅದರ ಜಿಪ್ಪು ಹೋಗಿದೆ. ಅದನ್ನು ಮೂರನೇ ಕೋಣೆಯವರೂ ನಾನೂ ಅರ್ಧ ಗಂಟೆಗೊಮ್ಮೆ ಅದಲು ಬದಲು ಮಾಡಿಕೊಳ್ಳುವುದು ರೂಢಿ. ಜಾಕೆಟ್ ಇಲ್ಲದ ಅರ್ಧ ಗಂಟೆ ನಾನು ಹೊರಗೆ ಬಂದು ಬಿಸಿಲಿಗೆ ಕೈ ಕಾಸುತ್ತಿದ್ದೆ. ಆಗ ಎಲ್ಲರ ಕಣ್ಣಿಗೂ ಬೀಳುತ್ತಿದ್ದೆ. ಆ ದಿನಗಳಲ್ಲಿ ನನ್ನ ಹಾಜರಿ ಪೂರ್ಣವಾಗಿದೆ.

2. ನನ್ನ ಬೆರಳುಗಳು ಬಾತುಕೊಂಡು ಅನ್ನ ಕಲಸಲೂ ಬಾರದಂತಾದ ಕಾರಣ, ಹೆಂಡತಿ ನನ್ನನ್ನು ಮಿಲಿಟರಿಯ ಹಳೆ ಬಟ್ಟೆ ಮಾರುವ ಅಂಗಡಿಗೆ ಎಳೆದುಕೊಂಡು ಹೋದಳು. ಅವಳು ಶಾಲಾ ಸಮವಸ್ತ್ರ ಹೊಲಿಯುವವಳು; ಬಟ್ಟೆಯನ್ನು ಮೊದಲು ಒಳಮಗ್ಗುಲಿಂದ ನೋಡುತ್ತಾಳೆ. ಅಂಗಡಿಯವರು ಹಿಮದಲ್ಲಿ ಕಾವಲು ಕಾಯುವವರ ಕೋಟೊಂದನ್ನು ತೆಗೆದರು. ಟೋಪಿಯಿಂದ ಮೊಣಕಾಲಿನವರೆಗೆ ಬಿಳಿ, ಜೊತೆಗೆ ಬಿಳಿ ಪ್ಯಾಂಟು, ಬಿಳಿ ಕೈಗವಸು.

"ಬೇರೆ ಬಣ್ಣ ಇಲ್ವಾ?" ಎಂದೆ.

"ಇಲ್ಲ ಸಾರ್. ಇದನ್ನ ಹಾಕ್ಕೊಂಡ್ರೆ ಶತ್ರು ಕಣ್ಣಿಗೆ ಬೀಳಲ್ಲ."

"ನನಗೆ ಶತ್ರು ಅಂತ ಯಾರೂ ಇಲ್ಲಪ್ಪ."

"ಕೆಲಸಕ್ಕೆ ಹೋಗ್ತೀರಾ?"

"ಹೋಗ್ತೀನಿ."

"ಹಾಗಾದ್ರೆ ತಗೊಳ್ಳಿ."

ಹೆಂಡತಿ ಹೊಲಿಗೆ ಎಳೆದು ನೋಡಿ, "ಸುಮ್ನೆ ತಗೊಳ್ಳಿ, ನಿಮ್ಮ ಆಯಸ್ಸಿಗಿಂತ ಗಟ್ಟಿ ಇದೆ" ಎಂದಳು. ತೋಳು ಉದ್ದವಾಗಿದ್ದರಿಂದ ಅವಳೇ ಮಡಿಚಿ ಹೊಲಿದಳು. ಕೈಗವಸಿನಲ್ಲಿ ಬಂದೂಕಿನ ಕುದುರೆ ಎಳೆಯಲೆಂದು ತೋರುಬೆರಳಿಗೆ ಬೇರೆಯೇ ಜಾಗವಿದ್ದು, ಅದು ಪೆನ್ಸಿಲ್ ಹಿಡಿಯಲು ಬಹಳ ಅನುಕೂಲವಾಯಿತೆಂಬುದನ್ನು ದೇಶದ ಗಮನಕ್ಕೂ ತರಬಯಸುತ್ತೇನೆ.

3. ಕೋಟು ಬಂದ ಮೇಲೆ ನಾನು ಬೆಳಿಗ್ಗೆ ಏಳಕ್ಕೆ ಶೈತ್ಯಾಗಾರದ ಹಿಂಬಾಗಿಲಿನಿಂದ ಬಂದು ಕೋಣೆ ಹೊಕ್ಕರೆ ಮಧ್ಯಾಹ್ನದ ಊಟದವರೆಗೆ ಹೊರಬರುತ್ತಲೇ ಇರಲಿಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಕೆಲಸ ಮಾಡುವಾಗ ನನಗೆ ಸುಖವಾಗಿತ್ತು. ಹಸಿ ಬಟಾಣಿಯ ಪೆಟ್ಟಿಗೆಗಳನ್ನು ಎಣಿಸಿದೆ, ಸಾಲಾಗಿ ಜೋಡಿಸಿದೆ, ಗಂಟೆಗೊಮ್ಮೆ ಶೀತದ ಅಳತೆಯನ್ನು ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ ಬರೆದೆ. ಕೋಣೆಯ ಗೋಡೆ ಬಿಳಿ, ಪೆಟ್ಟಿಗೆ ಬಿಳಿ, ಎಲ್ಲದರ ಮೇಲೆ ಕೂತ ಹಿಮವೂ ಬಿಳಿ. ಮೇಲ್ವಿಚಾರಕರಿಗೆ ಸೈನಸ್ ತೊಂದರೆ ಇರುವುದರಿಂದ ಅವರು ಒಳಗೆ ಕಾಲಿಡುವುದಿಲ್ಲ. ಒಂಬತ್ತೂವರೆಗೆ ಬಾಗಿಲಿನ ಅಂಗೈಯಗಲದ ಗಾಜಿನಲ್ಲಿ ಇಣುಕಿ, ಕಿತ್ತಳೆ ಕಂಡರೆ ಹಾಜರು, ಕಾಣದಿದ್ದರೆ ಗೈರು ಎಂದು ಬರೆಯುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು; ಆದರೆ ಹಿರಿಯರು ಶೈತ್ಯಾಗಾರದಲ್ಲಿ ಕೆಲಸ ಮಾಡಿದವರಲ್ಲ.

4. ಅದೇ ಅವಧಿಯಲ್ಲಿ ಮೂರನೇ ಕೋಣೆಯವರು ಜಾಕೆಟನ್ನು ಮೊಳೆಗೆ ನೇತುಹಾಕಿ ಚಹಾಕ್ಕೆ ಹೋಗಿದ್ದಾಗಲೂ ಸದರಿ ಜಾಕೆಟ್ ಹಾಜರೆಂದು ದಾಖಲಾಗಿದೆ. ಅವರಿಗೆ ಸಂಸಾರವಿದೆ, ಕಾರಣ ಜಾಕೆಟ್‌ನ ಹಾಜರಿಯನ್ನು ಯಾರೂ ಕಡಿತಗೊಳಿಸಬಾರದು. ನನಗೆ ಹೊಟ್ಟೆಕಿಚ್ಚಿಲ್ಲ. ಇದ್ದರೂ ಸ್ವಲ್ಪ.

5. ಆರನೇ ದಿನ ಮೇಲ್ವಿಚಾರಕರು ಇಣುಕಿ, ಯಾರೂ ಇಲ್ಲವೆಂದು ತೀರ್ಮಾನಿಸಿ, ವಿದ್ಯುತ್ ಉಳಿಸುವ ಸದುದ್ದೇಶದಿಂದ ದೀಪ ಆರಿಸಿ ಹೊರಗಿನ ಚಿಲಕ ಹಾಕಿದರು. ನಾನು ಒಳಗಿನ ಅಪಾಯದ ಗಂಟೆ ಒತ್ತಿದೆ. ಖಾಲಿ ಕೋಣೆಯಲ್ಲಿ ಗಂಟೆ ತಾನಾಗಿ ಬಡಿದುಕೊಳ್ಳುತ್ತಿದೆಯೆಂದು ಅವರು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಹೊರಗಿನಿಂದಲೇ ತಂತಿ ಕಳಚಿಸಿದರು. ಆತ ಬಹಳ ಚುರುಕು, ಎರಡೇ ನಿಮಿಷದಲ್ಲಿ ದುರಸ್ತಿಯಾಯಿತು. ಮುಕ್ಕಾಲು ಗಂಟೆ ನಾನು ಬಾಗಿಲಿಗೆ ಪೆಟ್ಟಿಗೆಯಿಂದ ಬಡಿದೆ. ಕತ್ತಲಲ್ಲಿ ನನಗೆ ಭಯವಾಯಿತು, ಹೆಂಡತಿಯನ್ನು ನೆನೆದು ಅಳು ಬಂತು. ಇದನ್ನು ಕಚೇರಿಯ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದ ಕಾರಣ ಹಾಗೆಯೇ ಬರೆದಿದ್ದೇನೆ.

ಕೊನೆಗೆ ಚಹಾ ಕೊಡುವ ಅಕ್ಕ ಸದ್ದು ಕೇಳಿ ಚಿಲಕ ತೆಗೆದರು.

"ತಮ್ಮಾ, ಒಳಗೆ ಯಾರೂ ಇಲ್ಲ ಅಂದ್ರಲ್ಲ ಸಾಹೇಬ್ರು?"

"ತಮಾಷೆ ಮಾಡಿರ್ತಾರೆ ಅಕ್ಕಾ."

ನಾನು ಹಾಗೆಯೇ ನಂಬಿದ್ದೆ. ಹಾಜರಿ ಪುಸ್ತಕವನ್ನು ನಮಗೆ ತೋರಿಸುವುದು ತಿಂಗಳ ಕೊನೆಗೆ ಮಾತ್ರ.

6. ತಿಂಗಳ ಕೊನೆಗೆ ಪುಸ್ತಕ ನೋಡಿ ಮೇಲ್ವಿಚಾರಕರ ಬಳಿ ಓಡಿದೆ.

"ಕಣ್ಣಾರೆ ನೋಡಿದ್ದೀನಿ, ನೀನು ಇರ್ಲಿಲ್ಲ" ಎಂದರು.

"ಸಾರ್, ನೀವು ಗಾಜಿಗೆ ಮೂಗು ಒತ್ತಿದ್ರಿ. ನಾನು ದಿನಾ ಕೈ ಬೀಸ್ತಿದ್ದೆ."

"ಅದಾ? ಮಂಜು ಅಂದ್ಕೊಂಡೆ."

7. ತದನಂತರ ತಮ್ಮ ಆದೇಶ ಬಂತು. ಅದರಲ್ಲಿ, "ಹನ್ನೊಂದು ದಿನ ನೌಕರರಿಲ್ಲದೆಯೂ ನಾಲ್ಕನೇ ಕೋಣೆಯ ಎಣಿಕೆ ತಾಳೆಯಾಗಿದ್ದು, ಜೋಡಣೆ ಹಿಂದೆಂದಿಗಿಂತ ಅಚ್ಚುಕಟ್ಟಾಗಿರುವುದರಿಂದ ಸದರಿ ಹುದ್ದೆ ಅನಗತ್ಯ" ಎಂದಿದೆ. ಮಾನ್ಯರೇ, ಮೂರು ವರ್ಷದಲ್ಲಿ ಈ ಕಚೇರಿ ನನ್ನ ಕೆಲಸವನ್ನು ಹೊಗಳಿದ್ದು ಇದೊಂದೇ ಸಲ. ಓದಿ ಕ್ಷಣಕಾಲ ಸಂತೋಷವೂ ಆಯಿತು.

8. ಮನೆಯ ಸ್ಥಿತಿ ಹೇಳುವುದಾದರೆ, ಹೆಂಡತಿ ಆದೇಶವನ್ನು ಎರಡು ಸಲ ಓದಿದ್ದಾಳೆ. ನಮ್ಮೊಂದಿಗಿರುವ ಅತ್ತೆಯವರು, "ಗೌರ್ಮೆಂಟ್ ಥರ ಠಸ್ಸೆ ಹೊಡ್ದು ಬರೆದಿದ್ದಾರೆ, ಸುಳ್ಳಿರುತ್ತಾ?" ಎಂದಿದ್ದಾರೆ. ನಾನು ಆಣೆ ಹಾಕಿದೆ. "ಆಣೆ ಬೇಡ, ಸಾಹೇಬ್ರ ಕೈಯಲ್ಲಿ ಒಂದು ಚೀಟಿ ಬರೆಸ್ಕೊಂಡು ಬನ್ನಿ" ಎಂದು ಹೆಂಡತಿ ಮುಖ ತಿರುಗಿಸಿದಳು. ಬುತ್ತಿ ಈಗಲೂ ಕಟ್ಟುತ್ತಾಳೆ, ಆದರೆ ಮಾತಾಡದೆ ಕಟ್ಟುತ್ತಾಳೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಮತ್ತು ಆ ಕಾರಣಗಳಿಗೆ ನಾನು ಕಾರಣನಲ್ಲದ ಕಾರಣ, ತಾವು ದಯಮಾಡಿ (ಅ) ಹನ್ನೊಂದು ದಿನದ ಹಾಜರಿ ಕೊಟ್ಟು ನನ್ನನ್ನು ಕಾಯಂ ಮಾಡಬೇಕು. (ಆ) ನಾನು ಇದ್ದೆನೆಂದು ನನ್ನ ಹೆಂಡತಿಯ ಹೆಸರಿಗೆ ಠಸ್ಸೆ ಸಹಿತ ಒಂದು ಸಾಲು ಬರೆದುಕೊಡಬೇಕು. (ಇ) ಇವೆರಡೂ ಆಗದಿದ್ದರೂ ಗಂಟೆಯ ತಂತಿಯನ್ನು ಜೋಡಿಸಬೇಕು. ಮುಂದೆ ಯಾರಾದರೂ ಒಳಗಿರಬಹುದು.

ಕಾಣಿಸದಿದ್ದಾಗಲೂ ತಮ್ಮ ವಿಶ್ವಾಸಿಯಾಗಿಯೇ ಇದ್ದ,
ಪೆಟ್ಟಿಗೆ ಎಣಿಕೆಗಾರ

ಲಗತ್ತುಗಳು:
1. ಶೀತದ ಅಳತೆಗಳು, ಹನ್ನೊಂದು ದಿನದ್ದು, ನನ್ನ ಕೈಬರಹದಲ್ಲಿ.
2. ಚಹಾ ಕೊಡುವ ಅಕ್ಕನ ಹೇಳಿಕೆ. (ಚಹಾದ ಕಲೆ ಅವರದೇ.)
3. ಗಂಟೆ ತಾನಾಗಿ ಬಡಿಯುವ ಬಗ್ಗೆ ಮೇಲ್ವಿಚಾರಕರ ವರದಿಯ ನಕಲು.
4. ಕೋಟು, ಒಂದು. ದಯವಿಟ್ಟು ಬಿಳಿ ಗೋಡೆಯ ಪಕ್ಕ ಇಡಬಾರದು.

ವಿ.ಸೂ.: ಇಷ್ಟಾಗಿಯೂ ಸಂಶಯ ಉಳಿದಲ್ಲಿ, ತಾವು ನಾಲ್ಕನೇ ಲಗತ್ತನ್ನು ತೊಟ್ಟು ನಾಲ್ಕನೇ ಕೋಣೆಯಲ್ಲಿ ಹತ್ತೇ ಹತ್ತು ನಿಮಿಷ ನಿಲ್ಲಬೇಕೆಂದು ಕೋರುತ್ತೇನೆ. ನಾನು ಹೊರಗೆ ಗಾಜಿನ ಬಳಿ ಹಾಜರಿ ಪುಸ್ತಕ ಹಿಡಿದು ನಿಂತಿರುತ್ತೇನೆ. ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ.