ಎರಡನೇ ಬೇಸಿನ ಇಬ್ಬರು

ನಮ್ಮ ಸೋದರಮಾವನ ಎದುರು ಯಾರೂ ‘ಎರಡು’ ಎಂಬ ಮಾತೆತ್ತಬಾರದು. ಇದು ನಮ್ಮ ಮನೆಯ ಕಾನೂನು! ಎರಡು ಕಪ್ ಚಹಾ, ಎರಡು ರೊಟ್ಟಿ, ಎರಡನೇ ಮಹಡಿ, ಏನೇ ಅನ್ನಿ, ಮಾಮಾನ ಕಿವಿ ನೆಟ್ಟಗಾಗುತ್ತದೆ. "ಎರಡಂದ್ಯಲ್ಲ, ನೆನಪಾತು ನೋಡು. ಎರಡನೇ ಬೇಸಿನ ಮ್ಯಾಲೆ ನಮ್ಮ ಶಿವಪ್ಪ ನಿಂತಾನಂದ್ರ..." ಮುಗಿಯಿತು. ಚಹಾ ಆರುತ್ತದೆ, ರೊಟ್ಟಿ ಒಣಗುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ. ನಮ್ಮ ಅವ್ವ ಅವನಿಗೆ ಬಡಿಸುವಾಗ "ಒಂದು, ಮತ್ತೊಂದು" ಎಂದೇ ಎಣಿಸುತ್ತಾಳೆ.

ಮಾಮಾ ಬಬಲೇಶ್ವರದಲ್ಲಿ ಹುಟ್ಟಿ, ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಆಟದ ಮಾಸ್ತರನಾಗಿ ನಿವೃತ್ತನಾದವನು. ಕಬಡ್ಡಿ ಕಲಿಸಿದನೇ? ಖೋಖೋ ಕಲಿಸಿದನೇ? ಇಲ್ಲ. ಬೇಸ್‌ಬಾಲ್ ಕಲಿಸಿದ! ನಗಬೇಡಿ, ಇದರಲ್ಲಿ ಅವನ ತಪ್ಪು ಅರ್ಧ ಮಾತ್ರ. ಶಾಲೆಯವರು ಕ್ರಿಕೆಟ್ ಸಾಮಾನು ಬೇಕೆಂದು ಬರೆದಿದ್ದರು. ಬಂದ ಪೆಟ್ಟಿಗೆಯಲ್ಲಿ ಗುಂಡನೆಯ ಬ್ಯಾಟುಗಳು, ದಪ್ಪ ಚರ್ಮದ ಗವಸುಗಳು, ಒಂದು ಇಂಗ್ಲಿಷ್ ನಿಯಮ ಪುಸ್ತಕ. ವಾಪಸ್ ಕಳಿಸೋಣ ಎಂದರು ಹೆಡ್‌ಮಾಸ್ತರರು. "ಬಂದ ಪೆಟ್ಟಿಗಿ ಹೊಳ್ಳಿ ಕಳಸೂದಂದ್ರ, ಬಾಗಿಲಿಗೆ ಬಂದ ಅಳಿಯನ್ನ ಹೊಳ್ಳಿ ಕಳಿಸಿದಂಗ್ರಿ" ಎಂದು ಮಾಮಾ ಅದನ್ನು ಅಪ್ಪಿಕೊಂಡು ಕೂತ. ತಿಂಗಳಿಡೀ ಪುಸ್ತಕ ಓದಿ, ಗೋಣಿಚೀಲಕ್ಕೆ ಜೋಳದ ಹೊಟ್ಟು ತುಂಬಿ ನಾಲ್ಕು ಬೇಸು ಮಾಡಿ, ಹುಡುಗರನ್ನು ಬಿಸಿಲಿಗೆ ಇಳಿಸಿಯೇಬಿಟ್ಟ. ಮೊದಲ ವಾರವೇ ತಿಕೋಟಾದಿಂದ ಒಬ್ಬ ತಂದೆ ಮಗನನ್ನು ನೋಡಲು ಬಂದವರು ಮೈದಾನದಲ್ಲಿ ಗಾಬರಿಯಾಗಿ ನಿಂತರು. "ಸರ, ನನ್ನ ಮಗನ ಎಡಗೈಗೆ ಏನಾಗೇತ್ರಿ? ಇಷ್ಟ್ಯಾಕ ಬಾತೈತಿ?" ಗವಸು ಬಿಚ್ಚಿ ಐದೂ ಬೆರಳು ಎಣಿಸಿ ತೋರಿಸಿದ ಮೇಲೆಯೇ ಅವರು ಬಸ್ ಹತ್ತಿದ್ದು.

ಆ ಬಾತ ಕೈಯವನೇ ಶಿವಪ್ಪ. ಅವನ ಎದುರಾಳಿ ಅದೇ ಶಾಲೆಯಲ್ಲಿ ಓದುತ್ತಿದ್ದ ಬಬಲೇಶ್ವರದ ದಸ್ತಗೀರ. ಇಬ್ಬರೂ ಆಡುತ್ತಿದ್ದುದು ಎರಡನೇ ಬೇಸಿನಲ್ಲಿ. ಚೆಂಡು ಹೊಡೆದವನು ನಾಲ್ಕು ಬೇಸು ಸುತ್ತಿ ಬರಬೇಕು, ಈ ಎರಡನೇ ಬೇಸಿನವನು ನಡುವೆ ಯಮನ ಹಾಗೆ ನಿಂತಿರಬೇಕು. ಚೆಂಡು ಹಿಡಿ, ಚೀಲ ತುಳಿ, ತಿರುಗಿ ಮೊದಲನೇ ಬೇಸಿಗೆ ಎಸೆ. ಒಂದೇ ಉಸಿರಿನಲ್ಲಿ ಓಡುತ್ತಿದ್ದ ಇಬ್ಬರು ಔಟ್! ಶಿವಪ್ಪ ಹಾರುತ್ತಿದ್ದ, ಬೀಳುತ್ತಿದ್ದ, ಧೂಳಿನೊಳಗಿಂದ ಚೆಂಡು ಹಿಡಿದುಕೊಂಡೇ ಏಳುತ್ತಿದ್ದ. ನೋಡುವವರು ಸೀಟಿ ಹೊಡೆಯುತ್ತಿದ್ದರು. ದಸ್ತಗೀರ ಹಾರಿದವನೇ ಅಲ್ಲ. ಚೆಂಡು ಬರುವ ಮೊದಲೇ ಅಲ್ಲಿ ಇರುತ್ತಿದ್ದ. ಅವನ ಪ್ಯಾಂಟಿಗೆ ಧೂಳೇ ಹತ್ತುತ್ತಿರಲಿಲ್ಲವಂತೆ, ಚಪ್ಪಾಳೆಯೂ ಬೀಳುತ್ತಿರಲಿಲ್ಲವಂತೆ.

ರಾಜ್ಯ ತಂಡದಲ್ಲಿ ಆ ಜಾಗಕ್ಕೆ ಜಿಲ್ಲೆಯಿಂದ ಒಬ್ಬನ ಹೆಸರನ್ನಷ್ಟೇ ಕಳಿಸಬೇಕಿತ್ತು. ಮಾಮಾ ಶಿವಪ್ಪನ ಹೆಸರು ಬರೆದ. ಶಿವಪ್ಪ ಹೋದ, ಆಡಿದ, ಆಟದ ಮೇಲೆಯೇ ರೈಲ್ವೆಯಲ್ಲಿ ನೌಕರಿ ಹಿಡಿದ. ದಸ್ತಗೀರ ವಿಜಯಪುರದಲ್ಲೇ, ಜೋರಾಪುರ ಪೇಟೆಯಲ್ಲಿ ಹೊಲಿಗೆ ಕಲಿಯಲು ಸೇರಿಕೊಂಡ. ಇದಾಗಿ ಮೂವತ್ತು ವರ್ಷದ ಮೇಲಾಯಿತು. ಅಂದಿನಿಂದ ಮಾಮಾ ಕಂಡಕಂಡವರ ಮುಂದೆ ಇಬ್ಬರನ್ನೂ ತೂಗುತ್ತಲೇ ಇದ್ದಾನೆ, ತೀರ್ಪು ಮಾತ್ರ ಪ್ರತಿಸಲ ಶಿವಪ್ಪನ ಕಡೆಗೇ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವನ್ನು ಹೇಗೆ ಮರೆಯಲಿ? ಪಾಪ, ಹುಡುಗನ ತಾಯಿ "ನಮಗ ಎರಡ ಗಂಡುಮಕ್ಕಳ್ರಿ" ಎಂದುಬಿಟ್ಟರು! ಮಾಮಾ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಶಿವಪ್ಪ, ದಸ್ತಗೀರ ಇಬ್ಬರನ್ನೂ ಕೋಣೆಯ ನಡುವೆ ಆಡಿ ತೋರಿಸಿದ, ಟೀಪಾಯಿ ಬೀಳಿಸಿದ, ಹುಡುಗನ ಕಡೆ ತಿರುಗಿ "ಈಗ ನೀವ ಹೇಳ್ರಿ, ಇಬ್ಬರಾಗ ಯಾರು ಚಲೋ?" ಎಂದ. ಹುಡುಗ ಸಂಕೋಚದಿಂದ "ಆ ದಸ್ತಗೀರ ಅನ್ಸತೈತ್ರಿ" ಎಂದ. ಮಾಮಾ ಒಳಗೆ ಬಂದು ಅವ್ವನಿಗೆ ಹೇಳಿದ: "ಈ ಸಂಬಂಧ ಬ್ಯಾಡಬೇ ಅಕ್ಕಾ. ಹುಡುಗಗ ತಿಳುವಳಿಕಿ ಕಡಿಮಿ ಐತಿ." ಆ ತಿಳುವಳಿಕೆ ಕಡಿಮೆಯವನೇ ಇಂದು ನನ್ನ ಗಂಡ. ಮಾಮಾ ಮನೆಗೆ ಬಂದರೆ ಅವರು ಈಗಲೂ ಬಾಯಿ ಬಿಡುವುದಿಲ್ಲ.

ಇನ್ನೊಂದು ಕೇಳಿ. ಗೋಳಗುಮ್ಮಟದ ತೋಟದಲ್ಲಿ ನಾನೂ ಮಾಮಾನೂ ಬೆಳಿಗ್ಗೆ ಅಡ್ಡಾಡುವಾಗ ಒಬ್ಬ ಅಮೆರಿಕದವನು ಸಿಕ್ಕ. ಬೇಸ್‌ಬಾಲ್ ಹುಟ್ಟಿದ ದೇಶದವನು ಸಿಕ್ಕರೆ ಮಾಮಾ ಬಿಟ್ಟಾನೆಯೇ? ನಡುವೆ ದುಭಾಷಿ ನಾನು. ಆತನಿಗೆ ಬಹಳ ಖುಷಿಯಾಯಿತು. ತನ್ನ ಅಜ್ಜನೂ ಅಜ್ಜನ ತಮ್ಮನೂ ಹಳೆಯ ಕಾಲದ ಇಬ್ಬರು ಎರಡನೇ ಬೇಸಿನವರ ಸಲುವಾಗಿಯೇ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರೆಂದು ಹೇಳಿದ. "ನೋಡಿದ್ಯಾ? ಅಲ್ಲೂ ಶಾಣ್ಯಾರು ಅದಾರ!" ಎಂದು ಮಾಮಾ ಉಬ್ಬಿದ. ಕೊನೆಗೆ ಆತ ಸ್ವಲ್ಪ ಯೋಚಿಸಿ, ಚೆಂಡಿಗಿಂತ ಮೊದಲೇ ತಲುಪುವವನೇ ಮೇಲು, ಅದರಲ್ಲಿ ಅನುಮಾನವೇ ಇಲ್ಲ ಎಂದ. ಮಾಮಾನ ಮುಖ ಸಣ್ಣದಾಯಿತು. ದಾರಿಯುದ್ದಕ್ಕೂ ಗೊಣಗಿದ: "ಬರೇ ಗುಮ್ಮಟ ನೋಡಾಕ ಬಂದಾವ. ಬೇಸ್‌ಬಾಲ್ ಏನು ತಿಳೀತೈತಿ ಅವಂಗ!"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೇಳಿದವರೆಲ್ಲ ದಸ್ತಗೀರನ ಹೆಸರನ್ನೇ ಹೇಳುತ್ತಾರೆ, ಇವನೊಬ್ಬ ಮಾತ್ರ ಯಾಕೆ ಒಪ್ಪುವುದಿಲ್ಲ? ಜೋರಾಪುರ ಪೇಟೆ ಅಡ್ಡ ಬಂದರೆ ಆಟೋವನ್ನು ಊರೆಲ್ಲ ಸುತ್ತಿಸಿ ಯಾಕೆ ಮನೆಗೆ ಬರುತ್ತಾನೆ? ಒಬ್ಬರಾದರೂ ಕೇಳಬೇಡವೇ? ನಾನೂ ಕೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೇಳಿದವನು ಶಿವಪ್ಪ. ಹೋದ ತಿಂಗಳು ತಿಕೋಟಾದಲ್ಲಿ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿಗೆ ಕರೆಯಲು ಬಂದಿದ್ದ. ಮಾಮಾ ಎಂದಿನಂತೆ ಅವನನ್ನು ಹೊಗಳಲು ಶುರುಮಾಡಿದ. ಶಿವಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ಅಂದ: "ಸರ, ತಪ್ಪು ತಿಳೀಬ್ಯಾಡ್ರಿ. ನನಗಿಂತ ದಸ್ತಗೀರ ಚಲೋ ಆಡ್ತಿದ್ದ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನನ್ನ ಯಾಕ ಕಳಿಸಿದ್ರಿ?" ಮಾಮಾ ಎದ್ದು ಒಳಗೆ ಹೋದ. ನಾಲ್ಕು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅವ್ವ ಬೇಕೆಂದೇ "ಎರಡು ರೊಟ್ಟಿ ಹಾಕಲೇನೋ?" ಎಂದು ಕೇಳಿದಳು. ಅವನು ತಲೆ ಅಲ್ಲಾಡಿಸಿದ, ಅಷ್ಟೇ. ಅವ್ವ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡಳು.

ಐದನೇ ದಿನ ಮಾಮಾ ನನ್ನ ಸ್ಕೂಟರ್ ಹಿಂದೆ ಬಂದು ಕೂತ. "ಜೋರಾಪುರ ಪೇಟಿಗೆ ನಡಿಬೇ." ದಾರಿಯಲ್ಲಿ ನನ್ನ ಬೆನ್ನಿಗೇ ಹೇಳಿದ: "ದಸ್ತಗೀರ ನಮ್ಮ ಓಣಿ ಹುಡುಗ. ಅವರಪ್ಪ, ನಾನು ಒಂದ ಬಸಿಯಾಗ ಚಹಾ ಕುಡದಾವ್ರು. ಅವನ ಹೆಸರು ಬರದ್ರ, ಮಾಸ್ತರ ತನ್ನೂರಾವನ್ನ ಆರಿಸ್ಯಾನ ಅಂತಾರ ಅಂತ ಅಂಜಿದೆ. ನನ್ನ ಮರ್ಯಾದಿ ಉಳಿಸ್ಕೊಂಡೆ, ಹುಡುಗನ್ನ ಕಳದೆ."

ದಸ್ತಗೀರ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ಮಾಮಾನನ್ನು ಕಂಡವನೇ ಎದ್ದು "ಬರ್ರಿ ಸರ, ಬರ್ರಿ" ಎಂದು ಸ್ಟೂಲು ಒರೆಸಿದ. ಮಾಮಾ ಕೂರಲಿಲ್ಲ.

"ದಸ್ತಗೀರ, ಶಿವಪ್ಪಗಿಂತ ನೀನ ಚಲೋ ಆಡ್ತಿದ್ದಿ. ನನಗ ಆವಾಗ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಬಿಟ್ಟೆ. ನಿನಗ ಸಿಗೂ ನೌಕರಿ ನಾ ಕಳದೆ."

ದಸ್ತಗೀರ ಒರೆಸಿದ ಸ್ಟೂಲನ್ನೇ ಮತ್ತೊಮ್ಮೆ ಒರೆಸಿದ. "ನೌಕರಿ ಹೋಗ್ಲಿ ಬಿಡ್ರಿ ಸರ. ಈ ಹೊಲಿಗಿ ಮ್ಯಾಲೆ ಮಕ್ಕಳ್ನ ಓದಿಸೇನಿ. ಆದ್ರ ಆಟದಾಗ ನಮ್ಮ ಸರ್ ಸುಳ್ಳು ಹೇಳಾವ್ರಲ್ಲ ಅಂತ ನಂಬಿದ್ದೆ. ಸರ್ ಬಿಟ್ಟಾರಂದ್ರ ನನ್ನಾಗ ಏನೂ ಇಲ್ಲ ಅಂತ ತಿಳಕೊಂಡೆ. ಅವತ್ತಿಂದ ಚೆಂಡು ಮುಟ್ಟಿಲ್ರಿ."

ದಸ್ತಗೀರ ಒಳಮನೆಗೆ ಕೂಗಿ ಹೆಂಡತಿಯನ್ನು ಕರೆದ. ಆಕೆ ಸೆರಗಿಗೆ ಕೈ ಒರೆಸುತ್ತ ಬಂದಳು. "ಸರ, ಈಗ ಅಂದ್ರಲ್ಲ, ಅದನ್ನ ಇನ್ನೊಮ್ಮೆ ಅನ್ರಿ. ಈಕಿನೂ ಕೇಳ್ಲಿ."

"ನಿನ್ನ ಗಂಡ ಈ ಜಿಲ್ಲಾದಾಗ ಎಲ್ಲಾರಕಿಂತ ಚಲೋ ಆಡ್ತಿದ್ದ, ತಂಗಿ" ಎಂದ ಮಾಮಾ.

ಆಕೆ ನಮ್ಮನ್ನೂ ಗಂಡನನ್ನೂ ಬೆರಗಿನಿಂದ ನೋಡಿದಳು. "ಆಟಾ? ಯಾವ ಆಟಾರಿ? ಇವರು ಆಡ್ತಿದ್ರಾ? ಮದಿವ್ಯಾಗಿ ಇಷ್ಟ ವರ್ಸಾತು, ಒಂದಿನಾನೂ ಹೇಳಿಲ್ಲಲ್ಲ!"

ಮೂವತ್ತು ವರ್ಷ ಅದನ್ನೇ ಹೇಳಿಕೊಂಡು ತಿರುಗಿದ ಮಾಮಾ ಗೋಡೆಗೆ ಮುಖ ಮಾಡಿ ನಿಂತ. ಅವನು ಅಳುತ್ತಿದ್ದ. ದಸ್ತಗೀರ ಕೊರಳಲ್ಲಿದ್ದ ಟೇಪು ತೆಗೆದು ಯಂತ್ರದ ಮೇಲಿಟ್ಟ. ಮೆಟ್ಟಿಲಿಳಿದು ಓಣಿಯ ನಡುವೆ ಹೋಗಿ, ಮೊಣಕಾಲು ಬಗ್ಗಿಸಿ, ಎರಡೂ ಕೈ ನೆಲದ ಹತ್ತಿರ ಹಿಡಿದು ನಿಂತ. "ಚೆಂಡು ಆ ಕಡಿಂದ ಹಿಂಗ ಬರ್ತಿತ್ತು, ನೋಡು" ಎಂದು ಹೆಂಡತಿಗೆ ತೋರಿಸತೊಡಗಿದ.