ಫೋನಿಗೆ ಕೋಟು ತೊಡುತ್ತಿದ್ದ ಮಾವ

ಫೋನಿನಲ್ಲಿ ಮಾತಾಡುವಾಗ ನಮ್ಮ ಮೈಮೇಲಿನ ಬಟ್ಟೆ ಆ ಕಡೆಯವರಿಗೆ ಕಾಣುತ್ತದೆಯೇ? ಕಾಣುವುದಿಲ್ಲ ಅನ್ನುವವರು ನಮ್ಮ ಸೋದರಮಾವನ ಜೊತೆ ವಾದ ಮಾಡಿಲ್ಲ ಎಂದೇ ಅರ್ಥ!

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಬಳ್ಳಾರಿ ಸೀಮೆಯ ನಾವಿನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದವರು. ಸಿರುಗುಪ್ಪದಲ್ಲಿ ಮಾವನದು ಹತ್ತಿಯ ದಲಾಲಿ ಅಂಗಡಿ. ಅಲ್ಲಿಗೆ ಹೊಸದಾಗಿ ಫೋನು ಬಂತು. ಗಂಟೆ ಹೊಡೆದದ್ದೇ ತಡ, ಮಾವ ಬಾಯಲ್ಲಿನ ಎಲೆಅಡಿಕೆ ಉಗುಳಿ, ಕರಿ ಕೋಟು ತೊಟ್ಟು, ರುಮಾಲು ಸುತ್ತಿ, ಚಪ್ಪಲಿ ಬಿಟ್ಟು ಎದ್ದು ನಿಲ್ಲುವರು. ಅಷ್ಟರಲ್ಲಿ ಗಂಟೆಯೇ ನಿಂತುಹೋಗಿರುತ್ತಿತ್ತು. “ಭಾಳ ಅವಸರದ ಮಂದಿ,” ಎಂದು ಕೋಟು ಬಿಚ್ಚುವರು.

ಗಂಟೆ ನಿಲ್ಲದಿದ್ದರೆ ಇನ್ನೂ ಫಜೀತಿ. ಎಕ್ಸ್‌ಚೇಂಜಿನವರನ್ನು ತೆಲುಗಿನಲ್ಲಿ ಊಟವಾಯಿತೇ ಎಂದು ವಿಚಾರಿಸುವರು. ಆಮೇಲೆ ಆ ಕಡೆಯ ವ್ಯಾಪಾರಿಗೆ, “ಮೊದ್ಲು ಕುಂದರ್ರಿ. ಕುಂತ್ರೇನು?” ಎಂದು ಕೇಳಿ, ಅವರು ಕೂರುವತನಕ ಕಾಯುವರು. ಮನೆಯವರ ಯೋಗಕ್ಷೇಮ ಮುಗಿಯುವಷ್ಟರಲ್ಲಿ ಟ್ರಂಕ್ ಕಾಲಿನ ಮೂರು ನಿಮಿಷವೂ ಮುಗಿದು ಲೈನು ಕಟ್ಟು.

“ದರಾ ಕೇಳಿದ್ರೇನು?” ಅನ್ನುವರು ಅತ್ತೆ.

“ಮೊದಲ್ನೇ ಸಲ ಮಾತಾಡೂ ಮನಷ್ಯಾಗ ಯಾರರ ದರಾ ಕೇಳತಾರೇನ? ಅವ್ರ ಮಗಳಿಗಿ ಜ್ವರ ಇಳದೈತಂತ.”

ಇಂಥ ಮಾವ ನನಗೆ ಫೋನಿನ ಕೆಲಸ ಹುಡುಕಿದರು. ನನಗೋ ಉಗ್ಗು. ಕುರುಗೋಡಿನ ಶಾಲೆಯಲ್ಲಿ ನಾನು ‘ಹಾಜರ್’ ಎಂದು ಮುಗಿಸುವಷ್ಟರಲ್ಲಿ ಮೇಷ್ಟ್ರು ಹಾಜರಿ ಪುಸ್ತಕವನ್ನೇ ಮುಚ್ಚಿರುತ್ತಿದ್ದರು. ಕೆಲಸ ಕೇಳಲು ಹೋದಲ್ಲೆಲ್ಲ ಹೆಸರು ಹೇಳಿ ಮುಗಿಸುವ ಮೊದಲೇ ವಾಪಸು ಕಳಿಸಿದ್ದರು. ಈಗ ಬಳ್ಳಾರಿಯ ಒಬ್ಬ ಹತ್ತಿ ಸಾಹುಕಾರರಿಗೆ ದಿನದ ದರವನ್ನು ಊರೂರಿಗೆ ಫೋನಿನಲ್ಲಿ ಹೇಳುವ ಗುಮಾಸ್ತ ಬೇಕಾಗಿದ್ದ. ಫೋನಿನಲ್ಲಿ ಒಂದು ದಿನದ ದರ ಹೇಳಿಸಿ, ದನಿ ಕೇಳಿಯೇ ತೀರ್ಮಾನ ಎಂದಿದ್ದರು. ಇದೂ ತಪ್ಪಿದರೆ ಕೇಳಲು ಇನ್ನೊಂದು ಜಾಗ ಉಳಿದಿರಲಿಲ್ಲ.

“ಮಾವಾ, ನ-ನನ್ನ ಕೈಲಾಗಂಗಿಲ್ಲ.”

“ಫೋನಿನಾಗ ಮೊದ್ಲು ಮುಟ್ಟೂದು ಮರ್ಯಾದಿ. ದನಿ ಆಮ್ಯಾಕ ಬರತೈತಿ, ನಿಂದರಲೇ,” ಎಂದವರೇ ತಮ್ಮ ಕೋಟನ್ನು ನನಗೆ ತೊಡಿಸಿದರು. ಅದು ಮೊಣಕಾಲು ಮುಟ್ಟಿತು. ರುಮಾಲು ಕಿವಿ ಮುಚ್ಚಿತು. ಬಳ್ಳಾರಿಯ ಸಾಹುಕಾರರ ಲೈನು ಸಿಕ್ಕಾಗ ಮುಚ್ಚಿದ ಕಿವಿಗೇ ರಿಸೀವರ್ ಹಿಡಿದೆ.

‘ನಮಸ್ಕಾರ’ ‘ನ’ದಲ್ಲೇ ನಿಂತಿತು. ಪಕ್ಕದಲ್ಲಿ ಮಾವ ಬರೀ ಬನಿಯನ್ನಿನಲ್ಲಿ ನಿಂತು ಫೋನಿಗೆ ಕೈಮುಗಿಯುತ್ತಿದ್ದರು. ನೋಡಿ ನನಗೆ ನಗು ಬಂತು, ನಗುವಿನ ಹಿಂದೆಯೇ ಮಾತೂ ಬಂತು.

“ಸಾಹುಕಾರ್ರ, ಮ-ಮೊದ್ಲು ಕುಂದರ್ರಿ.”

ಈ ಕೆಲಸವೂ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಆ ಕಡೆ ಕುರ್ಚಿ ಎಳೆದ ಸದ್ದು.

“ಕುಂತೆ. ಇನ್ನ ಸಾವಕಾಶ ಹೇಳಪಾ.”

ಕೂತವರಿಗೆಂಥ ಅವಸರ? ಮಾತು ತಡೆದಲ್ಲಿ ನಿಂತು, ಉಸಿರೆಳೆದು, ಮಾವ ಬರೆದುಕೊಟ್ಟಿದ್ದ ಆ ದಿನದ ದರವನ್ನೆಲ್ಲ ಹೇಳಿದೆ.

“ಉಳದವ್ರು ಗಡಿಬಿಡಿ ಮಾಡಿ ದರಾ ತಪ್ಪಸತಾರ. ನೀ ಹೇಳೂದು ಬರಕಳ್ಳಾಕ ಛಲೋ ಐತಿ. ಸೋಮವಾರ ಬಾ,” ಎಂದರು ಸಾಹುಕಾರರು.

ಕೆಲಸಕ್ಕೆ ಸೇರಿ ನಾನು ಮೊದಲು ಮಾಡಿದ ಫೋನು ಮಾವನ ಅಂಗಡಿಗೇ. ಗಂಟೆ ಹೊಡೆದೇ ಹೊಡೆಯಿತು. ಕೊನೆಗೆ ಮಾವ ಎತ್ತಿದರು, ಏದುಸಿರು ಕೇಳಿಸುತ್ತಿತ್ತು.

“ಮಾವಾ, ನಾ-ನಾನು. ನನಗೂ ಕೋಟು ಹಾಕ್ಕೊಂಡಿಯೇನು?”

“ಹೂನ್ರಿ. ಹೇಳ್ರಿ.”

ಹುಟ್ಟಿದಾಗಿನಿಂದ ನನ್ನನ್ನು ‘ಲೇ’ ಎಂದೇ ಕರೆದ ಮಾವ! ನನ್ನ ಕಣ್ಣು ತುಂಬಿ ಬಂತು.

“ಕುಂದ್ರು ಮಾವಾ,” ಅಂದೆ.

“ಆಫೀಸಿನವ್ರು ಮಾತಾಡಾಕತ್ತಾರ, ನಾ ಹ್ಯಾಂಗ ಕುಂದರ್ಲಿ? ಸಾವಕಾಶ ಹೇಳ್ರಿ, ನಾ ನಿಂತಿರ್ತೀನಿ.”